ತಂತಿಯ ಮಾಣಿ, ಗೋಡೆಯ ಮಾಣಿ

ಗೋಡೆಯ ಮೇಲೆ ಚಂದದ ನೆರಳು ಬೀಳಿಸುವ ಒಂದು ಲೋಹದ ಗೊಂಬೆ ಮಾಡೋಣ ಅಂತ ಹೊರಟವರು ಮೊದಲು ಓಡುವುದು ಹಾರ್ಡ್‌ವೇರ್ ಅಂಗಡಿಗೆ. ನಾನೂ ಹಾಗೇ ಓಡಿದ್ದೆ. ಒಂದು ಸುರುಳಿ ತಂತಿ, ಎರಡು ಇಕ್ಕಳ, ಒಂದು ಸುತ್ತಿಗೆ ತಂದು, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಮೂರು ಭಾನುವಾರ ನೆಲದ ಮೇಲೆ ಕೂತು ಬಗ್ಗಿಸಿ ತಿರುಚಿ ಒಬ್ಬ ಮಾಣಿಯನ್ನು ಮಾಡಿ ನಿಲ್ಲಿಸಿದೆ. ಉಡುಪಿ ಹೋಟೆಲಿನ ಮಾಣಿ. ಒಂದು ತೋಳಿನ ಮೇಲೆ ಮೂರು ಪ್ಲೇಟು, ಇನ್ನೊಂದು ಕೈಯಲ್ಲಿ ಲೋಟ. ನಮ್ಮಪ್ಪ ಮಾಟುಂಗಾದ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಹಾಗೇ ನಡೆದಾಡಿದವರು, ಹಾಗಾಗಿ ಆ ಭಂಗಿ ನನಗೆ ಕಣ್ಣು ಮುಚ್ಚಿದರೂ ಗೊತ್ತು.

ಗೊಂಬೆ ಚೆನ್ನಾಗೇ ಬಂದಿತ್ತು. ರಾತ್ರಿ ದೀಪ ಹಾಕಿ ಗೋಡೆ ನೋಡಿದರೆ ಅಲ್ಲಿ ಮಾಣಿ ಇರಲಿಲ್ಲ, ಸಾವಿರ ತೋಳಿನ ಕಾರ್ತವೀರ್ಯಾರ್ಜುನ ನಿಂತಿದ್ದ. ಎಲ್ಲಿ ನೋಡಿದರೂ ಕೈ, ಎಲ್ಲವೂ ಅರ್ಧಂಬರ್ಧ. ಹೆಂಡತಿ ನಕ್ಕು ನಕ್ಕು ಸುಸ್ತಾದಳು.

ತಪ್ಪು ತಂತಿಯದ್ದಲ್ಲ, ದೀಪದ್ದು. ಜೋಳದ ತೆನೆಯ ಹಾಗೆ ಸುತ್ತಲೂ ಕಾಳು ಕಾಳಾಗಿ ಎಲ್‌ಇಡಿ ಕೂರಿಸಿದ ಬಲ್ಬು ಅದು. ಒಂದೊಂದು ಕಾಳೂ ಒಂದೊಂದು ದೀಪ, ಒಂದೊಂದು ದೀಪಕ್ಕೂ ಒಂದೊಂದು ನೆರಳು. ಅವತ್ತಿನಿಂದ ನಾನು ಕೆಲಸದ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ದೀಪ, ಆಮೇಲೆ ಗೋಡೆ, ಕೊನೆಗೆ ತಂತಿ. ನೀವೂ ಹಾಗೇ ಶುರು ಮಾಡಿ, ಮೂರು ಭಾನುವಾರ ಉಳಿಯುತ್ತದೆ.

ದೀಪ ಅಂದರೆ ದುಬಾರಿ ಏನಲ್ಲ. ನಿಮ್ಮ ಮೊಬೈಲಿನ ಟಾರ್ಚೇ ಸಾಕು, ನಿಜವಾಗಿ ಅದು ತುಂಬಾ ಒಳ್ಳೆಯ ದೀಪ. ಸಾಮಾನ್ಯವಾಗಿ ಒಂದೇ ಒಂದು ಸಣ್ಣ ಎಲ್‌ಇಡಿ, ಸುತ್ತ ದೊಡ್ಡ ಬಟ್ಟಲಿನಂಥ ಕನ್ನಡಿ ಇಲ್ಲ. ಮನೆಯಲ್ಲಿರುವ ಕೈ ಟಾರ್ಚು ಹಿಡಿದರೆ ಗೋಡೆಯ ಮೇಲೆ ಬೆಳಕು ಬಳೆ ಬಳೆಯಾಗಿ ಬೀಳುತ್ತದೆ, ಅದು ಒಳಗಿನ ಹೊಳೆಯುವ ಬಟ್ಟಲಿನ ಕೆಲಸ. ಬಿಚ್ಚಿ ಆ ಬಟ್ಟಲು ತೆಗೆದರೆ ಬೆಳಕು ಕಡಿಮೆಯಾಗುತ್ತದೆ, ಆದರೆ ಸಮನಾಗಿ ಹರಡುತ್ತದೆ. ಗೊಂಬೆಯನ್ನು ಖಾಯಂ ಆಗಿ ಒಂದು ಕಡೆ ಇಡುವುದಾದರೆ ಒಂದೇ ಚಿಪ್, ಅಂದರೆ ಒಂದೇ ಬೆಳಕಿನ ಕಾಳು ಇರುವ ಸಣ್ಣ ಸ್ಪಾಟ್‌ಲೈಟ್ ತನ್ನಿ. ಮುಂಬೈಯವರಿಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳ್ ಇದೆ, ಇಡೀ ಗಲ್ಲಿಯೇ ಕರೆಂಟಿನ ಸಾಮಾನು. ಅಂಗಡಿಯವನ ಮುಂದೆ ದೀಪ ಹಚ್ಚಿಸಿ, ಗೋಡೆಯ ಮುಂದೆ ನಿಮ್ಮ ಐದು ಬೆರಳು ಹಿಡಿದು ನೋಡಿ. ಐದೇ ಕಂಡರೆ ತಗೊಳ್ಳಿ. ಏಳೋ ಎಂಟೋ ಕಂಡರೆ ಬೇಡ. ಅವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಇನ್ನೊಂದು ಸಣ್ಣ ಲೆಕ್ಕ ಇದೆ. ಇದೊಂದು ತಲೆಗೆ ಹೋದರೆ ಅರ್ಧ ವಿದ್ಯೆ ಬಂದ ಹಾಗೆ. ಶಾಲೆಯಲ್ಲಿ ಗ್ರಹಣದ ಪಾಠದಲ್ಲಿ ಪೂರ್ಣ ನೆರಳು, ಅರೆ ನೆರಳು ಅಂತ ಓದಿದ್ದೇವಲ್ಲ, ಅದೇ ಇದು. ದೀಪ ಎಷ್ಟು ಅಗಲವೋ ನೆರಳಿನ ಅಂಚು ಅಷ್ಟು ಮಸುಕು. ಮಸುಕಿನ ಅಗಲ ಬೇಕಾದರೆ ದೀಪದ ಅಗಲವನ್ನು ಗೊಂಬೆಯಿಂದ ಗೋಡೆಗಿರುವ ದೂರದಿಂದ ಗುಣಿಸಿ, ದೀಪದಿಂದ ಗೊಂಬೆಗಿರುವ ದೂರದಿಂದ ಭಾಗಿಸಿ. ದೀಪ ಗೊಂಬೆಯಿಂದ 100 ಸೆಂಟಿಮೀಟರ್ ಆಚೆ ಇದೆ, ಗೋಡೆ ಗೊಂಬೆಯಿಂದ 20 ಸೆಂಟಿಮೀಟರ್ ಹಿಂದೆ ಇದೆ ಅಂದುಕೊಳ್ಳಿ. 60 ಮಿಲಿಮೀಟರ್ ಅಗಲದ ಹಾಲುಬಣ್ಣದ ಬಲ್ಬು ಹಾಕಿದರೆ ಅಂಚು 12 ಮಿಲಿಮೀಟರ್ ಮಸುಕಾಗುತ್ತದೆ. 5 ಮಿಲಿಮೀಟರಿನ ಎಲ್‌ಇಡಿ ಹಾಕಿದರೆ ಬರೀ 1 ಮಿಲಿಮೀಟರ್. ನೀವು ಬಗ್ಗಿಸುವ ತಂತಿಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಹಾಗಾದರೆ ಮೊದಲನೆಯ ಬಲ್ಬಿನ ಎದುರು ಆ ತಂತಿಯ ಗತಿ ಏನು? ಗೋಡೆಯ ಮೇಲೆ ಒಂದು ಬೂದು ಹೊಗೆ ಕಂಡರೆ ಹೆಚ್ಚು. ಮನೆಯ ಟ್ಯೂಬ್‌ಲೈಟ್ ಹಚ್ಚಿಟ್ಟು ನೆರಳು ಯಾಕೆ ಬರುತ್ತಿಲ್ಲ ಅಂತ ಕೇಳುವವರಿಗೂ ಇದೇ ಉತ್ತರ. ಅದು ನಾಲ್ಕು ಅಡಿ ಉದ್ದದ ದೀಪ ಸ್ವಾಮಿ, ಆರಿಸಿ ಮೊದಲು.

ನೆರಳಿನ ಗಾತ್ರದ ಲೆಕ್ಕ ಇನ್ನೂ ಸುಲಭ. ದೀಪದಿಂದ ಗೋಡೆಗಿರುವ ದೂರವನ್ನು ದೀಪದಿಂದ ಗೊಂಬೆಗಿರುವ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅಂತ ಗೊತ್ತಾಗುತ್ತದೆ. ಮೇಲಿನ ಲೆಕ್ಕದಲ್ಲಿ 120ಕ್ಕೆ 100, ಅಂದರೆ 25 ಸೆಂಟಿಮೀಟರಿನ ಮಾಣಿಗೆ 30 ಸೆಂಟಿಮೀಟರಿನ ನೆರಳು. ದೀಪವನ್ನು 20 ಸೆಂಟಿಮೀಟರಿಗೆ ಎಳೆದು ತಂದರೆ ನೆರಳು ಗೊಂಬೆಯ ಎರಡರಷ್ಟಾಗುತ್ತದೆ, ಆದರೆ ಮಸುಕು ಮೊದಲಿನ ಐದರಷ್ಟಾಗುತ್ತದೆ. ದೊಡ್ಡ ನೆರಳಿನ ಆಸೆಗೆ ಬಿದ್ದು ಮಾಣಿಯ ಬೆರಳು ಕಳೆದುಕೊಳ್ಳಬೇಡಿ.

ಗೋಡೆ ಹೊಳೆಯಬಾರದು. ಆಯಿಲ್ ಪೇಂಟ್ ಬಳಿದ ಗೋಡೆಯಾದರೆ ದೀಪವೇ ಅದರಲ್ಲಿ ಕಾಣುತ್ತದೆ. ಡ್ರಾಯಿಂಗ್ ಶೀಟ್ ಅಂಟಿಸಿ, ಮುಗಿಯಿತು.

ಈಗ ಅದೇ ಶೀಟಿನ ಮೇಲೆ ಪೆನ್ಸಿಲಿನಲ್ಲಿ ನಿಮಗೆ ಬೇಕಾದ ನೆರಳಿನ ಚಿತ್ರ ಬರೆಯಿರಿ. ಗೊಂಬೆಯ ಚಿತ್ರ ಅಲ್ಲ, ನೆರಳಿನದ್ದು. ವ್ಯತ್ಯಾಸ ಇದೆ. ನೆರಳಿಗೆ ಮೂಗು ಕಣ್ಣು ಇರುವುದಿಲ್ಲ, ಅಂಚು ಮಾತ್ರ. ಹಾಗಾಗಿ ಎದುರಿಗೆ ನಿಂತ ಮನುಷ್ಯನ ನೆರಳು ಕಂಬದ ಹಾಗೆ ಕಾಣುತ್ತದೆ, ಪಕ್ಕಕ್ಕೆ ತಿರುಗಿದವನ ನೆರಳು ತಕ್ಷಣ ಗುರುತು ಸಿಗುತ್ತದೆ. ನಮ್ಮ ತೊಗಲು ಗೊಂಬೆಯಾಟದಲ್ಲಿ ನೋಡಿ, ಹೆಚ್ಚಿನ ಗೊಂಬೆಗಳ ಮುಖ ಪಕ್ಕಕ್ಕೇ ಇರುತ್ತದೆ. ಮಾಣಿಯನ್ನೂ ಹಾಗೇ ಪಕ್ಕಕ್ಕೆ ತಿರುಗಿಸಿ. ಕಾಲು ಬಿಡಿಸಿ ಇಡಿ, ಒಂದು ಹೆಜ್ಜೆ ಮುಂದೆ. ತೋಳು ಮೈಗೆ ಅಂಟದೆ ದೂರ ಇರಲಿ, ನಡುವಿನ ಸಂದು ನೀವು ಲೆಕ್ಕ ಹಾಕಿದ ಮಸುಕಿಗಿಂತ ಮೂರು ನಾಲ್ಕು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಆ ಸಂದು ಮುಚ್ಚಿಹೋಗಿ ಮಾಣಿ ಅಕ್ಕಿ ಮೂಟೆಯ ಹಾಗೆ ಕಾಣುತ್ತಾನೆ. ಅಳತೆಗೆ, ನಿಂತ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. 25 ಸೆಂಟಿಮೀಟರಿನ ಗೊಂಬೆಗೆ ತಲೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಾನು ತಲೆಯನ್ನು ಇನ್ನೂ ಸಣ್ಣ ಮಾಡಿ ಕೈಗಳನ್ನು ಉದ್ದ ಮಾಡುತ್ತೇನೆ, ಪ್ಲೇಟು ಹೊತ್ತವನ ಬದುಕೆಲ್ಲ ಕೈಯಲ್ಲೇ ಇರುತ್ತದಲ್ವಾ.

ತಂತಿಗೆ ಬರೋಣ. ಕಟ್ಟಡ ಕಟ್ಟುವಾಗ ಕಬ್ಬಿಣದ ಸರಳುಗಳನ್ನು ಬಿಗಿಯುವ ಕಪ್ಪು ಬೈಂಡಿಂಗ್ ವೈರ್ ಕಲಿಯುವವರಿಗೆ ಸರಿ. ಮೆತ್ತಗಿರುತ್ತದೆ, ಅಗ್ಗ. ಬರುವಾಗಲೇ ಎಣ್ಣೆ ಮಸಿ ಹತ್ತಿರುತ್ತದೆ, ಹಳೇ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಮೈಯ ಎಲುಬಿಗೆ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್. ಬೆರಳು, ಲೋಟದ ಅಂಚು, ಕಟ್ಟು ಬಿಗಿಯುವುದಕ್ಕೆ 20 ಗೇಜ್, ಸುಮಾರು 0.9. ಗೇಜ್ ಸಂಖ್ಯೆ ಜಾಸ್ತಿಯಾದಷ್ಟು ತಂತಿ ತೆಳು, ಅಂಗಡಿಯಲ್ಲಿ ಉಲ್ಟಾ ಕೇಳಬೇಡಿ. ತಾಮ್ರದ ತಂತಿ ಬೇಕಾದರೆ ಭಂಗಾರ್‌ವಾಲಾನ ಹತ್ತಿರ ಹಳೇ ಕೇಬಲ್ ಸಿಗುತ್ತದೆ. ಊರಿಂದ ಹೊಸದಾಗಿ ಬಂದವರಿಗೆ ಒಂದು ಮಾತು, ಇಲ್ಲಿ ಭಂಗಾರ್ ಅಂದರೆ ಗುಜರಿ. ನಮ್ಮತ್ತೆ ಮೊದಲ ಸಲ ಬಂದಾಗ ಬೀದಿಯಲ್ಲಿ ಒಬ್ಬ ಗಾಡಿ ತಳ್ಳಿಕೊಂಡು "ಭಂಗಾರ್" ಅಂತ ಕೂಗುತ್ತಾ ಹೋದದ್ದನ್ನು ಕೇಳಿ, ಏನು ಊರಪ್ಪಾ ಇದು, ಬಂಗಾರ ಗಾಡಿಯಲ್ಲಿ ಮಾರುತ್ತಾರೆ ಅಂದಿದ್ದರು. ಕೇಬಲ್ಲಿನ ಪ್ಲಾಸ್ಟಿಕ್ಕನ್ನು ಚಾಕುವಿನಲ್ಲಿ ಸೀಳಿ ತೆಗೆಯಿರಿ. ಸುಡಬೇಡಿ, ಆ ಹೊಗೆ ವಿಷ. ಹಾಗೇ ಬೆಳ್ಳಗೆ ಹೊಳೆಯುವ ಜಿಐ ತಂತಿ, ಜಿಐ ಪತ್ರಾ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ, ತಗಡು ಇವನ್ನು ಬೆಂಕಿಗೆ ಹಿಡಿಯಬೇಡಿ. ಮೇಲಿರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ.

ಇಕ್ಕಳ ಎರಡು ಬೇಕು. ಒಂದು ಕತ್ತರಿಸುವುದಕ್ಕೆ, ಒಂದು ಉದ್ದ ಮೂತಿಯದ್ದು. ಕತ್ತರಿಸುವಾಗ ಎರಡೂ ತುದಿ ಕೈಯಲ್ಲಿರಲಿ, ತುಂಡು ಹಾರಿ ಕಣ್ಣಿಗೆ ಹೊಡೆಯುತ್ತದೆ. ಕನ್ನಡಕ ಹಾಕಿಕೊಳ್ಳಿ.

16 ಗೇಜಿನ ತಂತಿ ಎರಡು ಮೀಟರ್ ಕತ್ತರಿಸಿಕೊಳ್ಳಿ, ಒಂದೂವರೆ ಸಾಕಾಗುತ್ತದೆ, ಉಳಿದದ್ದು ತಪ್ಪಿಗೆ. ನಡುವೆ ಮಡಚಿ ತಲೆಯ ಬಳೆ ಮಾಡಿ, ಕುತ್ತಿಗೆಗೆ ಒಂದು ತಿರುಚು, ಅಲ್ಲಿಂದ ಎರಡೂ ಎಳೆ ಇಳಿಸಿ, ಒಂದೊಂದು ಕಡೆ ತೋಳಿಗೆ ಹೋಗಿ ವಾಪಸು ಬಂದು, ಸೊಂಟದಲ್ಲಿ ಇನ್ನೊಂದು ತಿರುಚು, ಆಮೇಲೆ ಕಾಲು. ಇಲ್ಲಿಯವರೆಗೆ ಗೋಡೆ ಬೇಡ. ಇನ್ನು ಮುಂದೆ ಗೊಂಬೆಯನ್ನು ನೋಡುವುದೇ ಬೇಡ. ದೀಪದ ಮುಂದೆ ಹಿಡಿದು, ಕಣ್ಣು ಗೋಡೆಯ ಮೇಲಿಟ್ಟು, ಪೆನ್ಸಿಲ್ ಗೆರೆಗೆ ನೆರಳು ಕೂರುವ ತನಕ ಬಗ್ಗಿಸಿ. ಮೊದಲ ಹತ್ತು ನಿಮಿಷ ಕೈಗೂ ಕಣ್ಣಿಗೂ ಜಗಳ ಆಗುತ್ತದೆ. ಕನ್ನಡಿ ನೋಡಿಕೊಂಡು ಬೈತಲೆ ತೆಗೆಯುವ ಹಾಗೆ, ಆಮೇಲೆ ಸಲೀಸು.

ಎಲ್ಲೋ ಸಿಕ್ಕಿಹಾಕಿಕೊಂಡರೆ ಒಂದು ಉಪಾಯ. ದೀಪ ಆರಿಸಿ, ದೀಪ ಇದ್ದ ಜಾಗದಲ್ಲೇ ನಿಮ್ಮ ಒಂದು ಕಣ್ಣು ಇಟ್ಟು, ಇನ್ನೊಂದು ಮುಚ್ಚಿ ಗೊಂಬೆ ನೋಡಿ. ದೀಪಕ್ಕೆ ಕಾಣುವುದೇ ಗೋಡೆಗೆ ಬೀಳುವುದು. ದೀಪದ ಕಡೆಗೆ ಚಾಚಿದ ಕೈ ಅಲ್ಲಿಂದ ಮೊಂಡಾಗಿ ಕಾಣುತ್ತದೆ, ನೆರಳಿನಲ್ಲೂ ಮೊಂಡೇ. ಪ್ಲೇಟಿನ ಅಂಚು ದೀಪಕ್ಕೆ ಎದುರಾದರೆ ಅದು ಬರೀ ಗೆರೆ, ಮುಖ ಎದುರಾದರೆ ಪೂರ್ತಿ ಚಂದ್ರ, ಸ್ವಲ್ಪ ಓರೆಯಾದರೆ ಮೊಟ್ಟೆ. ನನ್ನ ಮಾಣಿಯ ಮೂರು ಪ್ಲೇಟುಗಳನ್ನು ಮೂರು ಬೇರೆ ಬೇರೆ ಓರೆಯಲ್ಲಿ ಇಟ್ಟಿದ್ದೇನೆ. ಬೇರೆ ಕಡೆಯಿಂದ ನೋಡಿದರೆ ಈಗಲೋ ಆಗಲೋ ಬೀಳುವ ಹಾಗಿವೆ. ಗೋಡೆಯ ಮೇಲೆ ಮಾತ್ರ ಒಂದರ ಮೇಲೊಂದು ಸರಿಯಾಗಿ ಕೂತಿವೆ.

ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಬರೀ ತಂತಿಯಲ್ಲಿ ಮನುಷ್ಯರ ಮುಖ, ಕುಣಿಯುವ ಹೆಂಗಸು, ಸರ್ಕಸ್ಸಿನವರು ಎಲ್ಲರನ್ನೂ ಮಾಡಿದ. ಓದಿದ್ದು ಎಂಜಿನಿಯರಿಂಗ್. ಅವನ ತಂತಿ ಮುಖಗಳನ್ನು ದಾರದಲ್ಲಿ ತೂಗಿಬಿಟ್ಟರೆ ಗಾಳಿಗೆ ಮೆಲ್ಲಗೆ ತಿರುಗುತ್ತವೆ, ಗೋಡೆಯ ಮೇಲಿನ ಮುಖ ಉದ್ದವಾಗಿ, ಗಿಡ್ಡವಾಗಿ, ಒಮ್ಮೆ ಪೂರ್ತಿ ಮಾಯವಾಗಿ ಮತ್ತೆ ಬರುತ್ತದೆ. ಫ್ಯಾನು ಕಡಿಮೆಯಲ್ಲಿಟ್ಟು ನೀವೂ ಮಾಡಿ ನೋಡಬಹುದು. ಇನ್ನು ಟಿಮ್ ನೋಬಲ್, ಸ್ಯೂ ವೆಬ್‌ಸ್ಟರ್ ಅಂತ ಇಬ್ಬರು ಬ್ರಿಟಿಷ್ ಕಲಾವಿದರು ಕಸದ ರಾಶಿಗೆ ಬೆಳಕು ಹಿಡಿದು ಗೋಡೆಯ ಮೇಲೆ ಕೂತ ಮನುಷ್ಯರನ್ನು ಬರಿಸಿದ್ದಾರೆ. ಅದು ಮುಂದಿನ ಮೆಟ್ಟಿಲು. ಮೊದಲ ಗೊಂಬೆಗೇ ಅದಕ್ಕೆ ಕೈ ಹಾಕಬೇಡಿ, ತಲೆ ಕೆಟ್ಟುಹೋಗುತ್ತದೆ.

ಬರೀ ತಂತಿಯ ನೆರಳು ಗೆರೆ ಚಿತ್ರದ ಹಾಗೆ. ಅದಕ್ಕೆ ಸ್ವಲ್ಪ ತೂಕ ಬೇಕು ಅಂದರೆ ತಗಡು ಸೇರಿಸಿ. ಮಾಣಿಯ ಪಂಚೆಗೆ, ಹೆಗಲ ಟವೆಲ್ಲಿಗೆ, ಪ್ಲೇಟಿಗೆ 26 ಗೇಜಿನ ತಾಮ್ರ ಅಥವಾ ಹಿತ್ತಾಳೆ ತಗಡು ಸಾಕು, ಅರ್ಧ ಮಿಲಿಮೀಟರಿಗಿಂತ ತೆಳು, ತಗಡು ಕತ್ತರಿಯಲ್ಲಿ ಕಾಗದದ ಹಾಗೆ ಬರುತ್ತದೆ. ಮುಂಬೈಯಲ್ಲಿ ಪಾಯಧುನಿ ಕಡೆಯ ತಾಂಬಾ ಕಾಂಟಾ ಪೇಟೆಯಲ್ಲಿ ವಿಚಾರಿಸಿ. ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ, ಅರದಿಂದ ಉಜ್ಜದೆ ಮುಟ್ಟಬೇಡಿ.

ತಗಡಿನಲ್ಲಿ ತೂತು ಕೊರೆಯುವುದು ಇದೆಯಲ್ಲ, ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವುದು ಅದು. ಮರದ ತುಂಡಿನ ಮೇಲೆ ತಗಡು ಇಟ್ಟು ಮೊಳೆಯಿಂದ ಟಕ್ ಟಕ್ ಅಂತ ಸಾಲು ತೂತು ಹೊಡೆಯುತ್ತಾ ಹೋಗಿ, ಪಂಚೆಯ ಅಂಚಿನುದ್ದಕ್ಕೂ. ತೊಗಲು ಗೊಂಬೆಯವರು ಚರ್ಮದಲ್ಲಿ ಮಾಡುವುದು ಇದನ್ನೇ, ಒಡವೆ, ಸೆರಗು, ಕಿರೀಟ ಎಲ್ಲ ಅವರಿಗೆ ತೂತುಗಳೇ. ದೀಪ ಹಚ್ಚಿದರೆ ಕಪ್ಪು ನೆರಳಿನ ಒಳಗೆ ಬೆಳಕಿನ ಜರಿ. ತೂತು ಮಸುಕಿಗಿಂತ ದೊಡ್ಡದಿರಲಿ, ಒಂದು ಮಿಲಿಮೀಟರ್ ಮಸುಕಿದ್ದರೆ ಎರಡು ಮೂರು ಮಿಲಿಮೀಟರಿನ ತೂತು. ಸಂಜೆ ಏಳರ ನಂತರ ಹೊಡೆಯಬೇಡಿ, ಕೆಳಗಿನ ಮನೆಯ ಕಾಕೂ, ಅಂದರೆ ಮರಾಠಿ ಚಿಕ್ಕಮ್ಮ, ಮೇಲೆ ಬರುತ್ತಾರೆ. ನಮ್ಮ ಕಾಕೂ ಹಾಗೆ ಬಂದವರು ಬೈಯುವುದನ್ನು ಮರೆತು ತಾವೇ ನಾಲ್ಕು ತೂತು ಹೊಡೆದು ಹೋದರು ಅನ್ನೋದು ಬೇರೆ ವಿಷಯ.

ಹೊಳಪಿನ ಬಗ್ಗೆ. ಲೋಹ ನೆರಳು ಮಾತ್ರ ಹಾಕುವುದಿಲ್ಲ, ಬೆಳಕನ್ನೂ ಎಸೆಯುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಪ್ಲೇಟು ಎದುರಿನ ಗೋಡೆಗೋ ಚಾವಣಿಗೋ ಒಂದು ಬೆಳಕಿನ ಬಾಳೆಕಾಯಿ ಎಸೆಯುತ್ತದೆ. ಅದು ಬೇಕೋ ಬೇಡವೋ ನೀವೇ ಹೇಳಬೇಕು. ನೆರಳೇ ಮುಖ್ಯ ಅಂದರೆ ಎಲ್ಲವನ್ನೂ ಕಪ್ಪಾಗಿ ಬಿಡಿ. ನನ್ನ ಮಾಣಿ ಪೂರ್ತಿ ಕಪ್ಪು, ಮೂರು ಪ್ಲೇಟು ಮಾತ್ರ ಹೊಳೆಯುತ್ತವೆ.

ಪ್ಲೇಟಿಗೆ ಸುತ್ತಿಗೆಯ ಗುರುತು ಬೇಕಾದರೆ ಒಂದು ಸಲ ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿಗೆ ಹೋಗಿ ಬನ್ನಿ. ಪೇಶ್ವೆಯರ ಕಾಲದಿಂದ ತಾಮ್ರ ಬಡಿಯುವವರ ಬೀದಿ ಅದು. ಗಲ್ಲಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಹಂಡೆ, ಬಿಂದಿಗೆಗಳ ಮೈಮೇಲೆ ಒತ್ತೊತ್ತಾಗಿ ಸಾಲು ಹಿಡಿದು ಸುತ್ತಿಗೆ ಪೆಟ್ಟು ಹಾಕುತ್ತಾರೆ, ಅದಕ್ಕೆ ಮಠಾರ್‌ಕಾಮ್ ಅನ್ನುತ್ತಾರೆ. ಚಂದಕ್ಕೆ ಮಾತ್ರ ಅಲ್ಲ. ಪೆಟ್ಟು ಬಿದ್ದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ತೆಳು ಪಾತ್ರೆ ಜಜ್ಜಿಹೋಗುವುದಿಲ್ಲ. ಒಂದೊಂದು ಪೆಟ್ಟೂ ಒಂದೊಂದು ಪುಟ್ಟ ಕನ್ನಡಿ, ಒಂದೇ ದೀಪ ಅದರಲ್ಲಿ ನೂರು ಕಡೆ ಮಿನುಗುತ್ತದೆ. ಮನೆಯಲ್ಲಿ ಮಾಡುವುದಾದರೆ ಗುಂಡು ಮೂತಿಯ ಸಣ್ಣ ಸುತ್ತಿಗೆ, ಕೆಳಗೆ ಗಟ್ಟಿ ಮರದ ತುಂಡು. ಬಡಿಯುತ್ತಾ ತಗಡು ಬಿರುಸಾದರೆ ಇನ್ನೂ ಬಡಿಯಬೇಡಿ, ಸೀಳುತ್ತದೆ. ಮಂದ ಕೆಂಪಾಗುವ ತನಕ ಕಾಯಿಸಿ, ಇಕ್ಕಳದಲ್ಲಿ ಹಿಡಿದು ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರದ ಸ್ವಭಾವ ಬೇರೆ.

ಜೋಡಿಸುವುದಕ್ಕೆ ತೆಳು ತಂತಿಯ ಸುತ್ತು ಸಾಕು. ಎಂ-ಸೀಲ್ ಅನ್ನೋ ಅಂಟು ಮೆತ್ತಿದರೆ ಗಂಟು ಗಂಟಾಗಿ ಗೋಡೆಯ ಮೇಲೆ ಕಾಣುತ್ತದೆ, ಮಾಣಿಗೆ ಮೊಣಕಾಲು ನೋವಿದ್ದ ಹಾಗೆ. ಬೆಸುಗೆ ಗೊತ್ತಿದ್ದರೆ ಮಾಡಿ, ಕಿಟಕಿ ತೆಗೆದಿಟ್ಟು. ಸೀಸ ಇರುವ ಬೆಸುಗೆಯಾದರೆ ಕೈ ತೊಳೆದೇ ಊಟಕ್ಕೆ ಕೂರಿ. ನಿಲ್ಲಿಸುವುದಕ್ಕೆ ಮರದ ತುಂಡಿನಲ್ಲಿ ಎರಡು ತೂತು, ಕೆಳಗೆ ಭಾರಕ್ಕೆ ಹಳೇ ತಕ್ಕಡಿಯ ಬಟ್ಟು.

ಈಗ ದೀಪವನ್ನು ಎಲ್ಲಿಡಬೇಕು ಅನ್ನೋ ಆಟ. ಎದೆಯ ಮಟ್ಟದಲ್ಲಿಟ್ಟರೆ ನೆರಳು ಹೆಚ್ಚು ಸೊಟ್ಟಗಾಗದೆ ಬರುತ್ತದೆ, ಶುರುವಿಗೆ ಅದೇ ಸರಿ. ಪಾದದ ಹತ್ತಿರ ಇಟ್ಟರೆ ಮಾಣಿ ಚಾವಣಿಯ ಕಡೆ ಬೆಳೆದು ರಾಕ್ಷಸನಾಗುತ್ತಾನೆ. ಮೇಲಿಂದ ಇಳಿಬಿಟ್ಟರೆ ನೆರಳು ಮೇಜಿನ ಮೇಲೆ ಮಲಗಿ, ಗೋಡೆಗೆ ಬಂದು ಮೊಣಕಾಲಲ್ಲಿ ಮುರಿದು ಏಳುತ್ತದೆ, ದಣಿದವನ ಹಾಗೆ. ನನಗೆ ಇದು ತುಂಬಾ ಇಷ್ಟ. ಎರಡು ದೀಪ ಇಟ್ಟರೆ ಎರಡು ನೆರಳು, ಎರಡೂ ಪೇಲವ, ಏಕೆಂದರೆ ಒಂದರ ನೆರಳಿನ ಮೇಲೆ ಇನ್ನೊಂದರ ಬೆಳಕು ಬಿದ್ದಿರುತ್ತದೆ. ಒಂದು ಕೆಂಪು, ಒಂದು ಹಸಿರು ದೀಪ ಇಟ್ಟು ನೋಡಿ. ಕೆಂಪು ದೀಪದ ನೆರಳು ಹಸಿರಾಗುತ್ತದೆ, ಹಸಿರಿನದ್ದು ಕೆಂಪು. ಮಕ್ಕಳಿರುವ ಮನೆಯಲ್ಲಿ ಇದನ್ನು ತೋರಿಸಿದರೆ ಆ ದಿನ ಬೇರೆ ಕೆಲಸ ಆಗುವುದಿಲ್ಲ. ಎಣ್ಣೆ ದೀಪ ಇಟ್ಟರೆ ಅಂಚು ಮಸುಕಾಗುತ್ತದೆ ನಿಜ, ಆದರೆ ಬತ್ತಿ ಅಲುಗಿದಾಗೆಲ್ಲ ಮಾಣಿ ಉಸಿರಾಡುತ್ತಾನೆ.

ಕಣ್ಣು ಪಳಗಬೇಕಾದರೆ ಊರಲ್ಲಿರುವ ಪ್ರತಿಮೆಗಳನ್ನು ಬೇರೆ ಬೇರೆ ಹೊತ್ತಿಗೆ ನೋಡಿ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಹತ್ತಿರದ ಕುದುರೆ ಮೇಲಿನ ಶಿವಾಜಿಯನ್ನು ಬೆಳಗ್ಗೆ ಏಳಕ್ಕೆ ನೋಡಿದರೆ ಬೆಳಕು ಸಮುದ್ರದ ಕಡೆಯಿಂದ ಅಡ್ಡಲಾಗಿ ಬಂದು ಕುದುರೆಯ ಕಾಲಿನ ಸ್ನಾಯುಗಳೆಲ್ಲ ಎದ್ದು ಕಾಣುತ್ತವೆ. ಅದೇ ಮಧ್ಯಾಹ್ನ ಹನ್ನೆರಡಕ್ಕೆ ಮುಖವೇ ಕತ್ತಲು. ಪುಣೆಯಲ್ಲಿ ವಿ.ಪಿ. ಕರ್ಮರ್ಕರ್ ಮಾಡಿದ 1928ರ ಕಂಚಿನ ಶಿವಾಜಿ ಇದೆ. ಗೋವಾಕ್ಕೆ ಹೋದರೆ ಬೀಚಿಗೆ ಹೋಗುವ ಮೊದಲು ಪಣಜಿಯ ಹಳೇ ಸೆಕ್ರೆಟರಿಯೇಟ್ ಪಕ್ಕದಲ್ಲಿ ಗಾಡಿ ನಿಲ್ಲಿಸಿ. ರಾಮಚಂದ್ರ ಪಾಂಡುರಂಗ ಕಾಮತ್ 1945ರಲ್ಲಿ ಮಾಡಿದ ಅಬೆ ಫಾರಿಯಾ ಪ್ರತಿಮೆ ಅಲ್ಲಿದೆ, ಸಮ್ಮೋಹನ ವಿದ್ಯೆಯ ಪಾದ್ರಿ. ಎರಡೂ ಕೈ ಚಾಚಿ ನಿಂತಿದ್ದಾನೆ, ಕೆಳಗೆ ಹೆಂಗಸೊಬ್ಬಳು ಕುಸಿಯುತ್ತಿದ್ದಾಳೆ. ಆ ಚಾಚಿದ ಕೈಗಳನ್ನು ಆಕಾಶಕ್ಕೆ ಎದುರಾಗಿ ನೋಡಿ. ಮುಖ ಕಾಣದಿದ್ದರೂ ಅಲ್ಲೇನು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಅಂಚು ಅಂತ ನಾನು ಇಷ್ಟು ಹೊತ್ತು ಬಡಬಡಿಸಿದ್ದು ಇದನ್ನೇ. ಇನ್ನೊಂದು ಮಜಾ, ಮುಂಬೈ ಪುಣೆಯಲ್ಲಿ ಮೇ ನಡುವೆ ಒಂದು ದಿನ, ಜುಲೈ ಕೊನೆಗೆ ಒಂದು ದಿನ, ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಜುಲೈಯದ್ದು ಮೋಡದಲ್ಲಿ ಹೋಗುತ್ತದೆ, ಮೇ ತಿಂಗಳಲ್ಲಿ ಮಾಣಿಯನ್ನು ತಾರಸಿಗೆ ಒಯ್ದು ನೋಡಿ.

ಫೋಟೋ ತೆಗೆಯುವಾಗ ಮೊಬೈಲು ತಾನೇ ಬುದ್ಧಿವಂತಿಕೆ ಮಾಡಿ ನೆರಳನ್ನೆಲ್ಲ ಬೆಳಗಿಸಿಬಿಡುತ್ತದೆ. ನೈಟ್ ಮೋಡ್ ಆರಿಸಿ, ಪರದೆಯಲ್ಲಿ ಬೆಳಕಿರುವ ಗೋಡೆಯ ಮೇಲೆ ಬೆರಳು ಒತ್ತಿ, ಬೆಳಕು ಕಡಿಮೆ ಮಾಡಿ ತೆಗೆಯಿರಿ.

ಮಳೆಗಾಲದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಜೂನ್ ಬಂತು ಅಂದರೆ ಬೈಂಡಿಂಗ್ ವೈರಿಗೆ ವಾರದಲ್ಲೇ ತುಕ್ಕು, ಸಮುದ್ರದ ಗಾಳಿಯ ಉಪ್ಪು ಬೇರೆ. ಕೆಲಸ ಮುಗಿದ ದಿನವೇ ಒಣ ಬಟ್ಟೆಯಲ್ಲಿ ಒರೆಸಿ ಜೇನುಮೇಣ ತೆಳುವಾಗಿ ಹಚ್ಚಿ, ಇಲ್ಲ ಬಣ್ಣವಿಲ್ಲದ ಲ್ಯಾಕರ್ ಬಳಿಯಿರಿ. ಹೊಳಪು ಬೇಡವಾದರೆ ಮ್ಯಾಟ್ ಲ್ಯಾಕರ್ ಕೇಳಿ. ನೆರಳಿಗೆ ತುಕ್ಕಿನಿಂದ ತೊಂದರೆ ಇಲ್ಲ, ಆದರೆ ತೆಳು ತಂತಿ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ. ನನ್ನ ಮಾಣಿಯ ಒಂದು ಬೆರಳು ಹಾಗೇ ಹೋಯಿತು.

ಕೊನೆಗೆ, ದೀಪ ಮತ್ತು ಗೊಂಬೆ ಇರುವ ಜಾಗಕ್ಕೆ ಟೇಪಿನ ತುಂಡು ಅಂಟಿಸಿ ಪೆನ್ನಿನಲ್ಲಿ ಗುರುತು ಮಾಡಿಡಿ. ಧೂಳು ಒರೆಸುವವರು ಎರಡು ಬೆರಳು ಸರಿಸಿಟ್ಟರೂ ಸಾಕು, ಸಂಜೆ ದೀಪ ಹಾಕಿದಾಗ ಮೂರು ಪ್ಲೇಟುಗಳಲ್ಲಿ ಒಂದು ಮಾಣಿಯ ತಲೆಯ ಮೇಲೆ ಕೂತಿರುತ್ತದೆ.